ಚಿತ್ರ ನಿಂತ ಜಾಗ, ಸುತ್ತ ಬಿಟ್ಟ ಬಿಳುಪು

ಪುಸ್ತಕ ತೆರೆದ ಕೂಡಲೇ ಚಿತ್ರ ಚೆನ್ನಾಗಿದೆ ಎನ್ನುವವರು ಬಹಳ ಮಂದಿ. ಚಿತ್ರ ಚೆನ್ನಾದ ಜಾಗದಲ್ಲಿ ಕೂತಿದೆ ಎಂದು ಗುರುತಿಸಿ ಹೇಳುವವರು ಅಚ್ಚುಕೂಟದ ಆಚೆ ಸಿಗುವುದು ಅಪರೂಪ. ಪುಟ ಕಟ್ಟಿದವನ ಕೈಚಳಕ ಓದುಗನಿಗೆ ಗೊತ್ತಾಗುವುದು ಅದು ಎಡವಿದಾಗಲೇ. ಎಲ್ಲ ಕೂಡಿಬಂದ ಪುಟದಲ್ಲಿ ‘ಚಿತ್ರ ನೋಡಿ’ ಎಂಬ ಮಾತು ಬಂದೊಡನೆ ಕಣ್ಣು ತಾನಾಗಿ ಚಿತ್ರದ ಮೇಲೆ ಬೀಳುತ್ತದೆ, ನೋಡಿ ತಣಿದ ಮೇಲೆ ಬಿಟ್ಟ ಸಾಲಿಗೆ ತಡವರಿಸದೆ ಬಂದು ಸೇರುತ್ತದೆ. ಈ ಹೋಗಿಬರುವ ದಾರಿಯನ್ನು ಯಾರೋ ಮೊದಲೇ ಕೂತು ಅಳೆದಿರುತ್ತಾರೆ. ಚಿತ್ರದ ಮೇಲೆ ಎಷ್ಟು ಬಿಳುಪು, ಕೆಳಗೆ ಎಷ್ಟು, ಅಡಿಬರಹ ಚಿತ್ರಕ್ಕೆ ಎಷ್ಟು ಹತ್ತಿರ, ಮುಂದಿನ ಪ್ಯಾರಾದಿಂದ ಎಷ್ಟು ದೂರ — ಇಷ್ಟನ್ನು ಸವಿಯಲು ಕಲಿತರೆ ಓದಿದ ಪುಸ್ತಕವೇ ಮತ್ತೊಮ್ಮೆ ಹೊಸದಾಗುತ್ತದೆ ಎಂಬುದು ನನ್ನ ಅನುಭವ.

ಮೈಸೂರಿನಲ್ಲಿರುವವರಿಗೆ ಈ ರುಚಿ ಹತ್ತಲು ಬೇಕಾದದ್ದೆಲ್ಲ ಊರೊಳಗೇ ಇದೆ. 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಶುರುವಾಗಿ ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯ ಎನಿಸಿಕೊಂಡಿರುವ ಸಂಸ್ಥೆಯ ಓಲೆಗರಿಗಳಿಂದಲೇ ತೊಡಗಬಹುದು. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದದ್ದು ಇಲ್ಲಿನ ಹಸ್ತಪ್ರತಿಯಿಂದ. ಗರಿಯ ಮೈಯಲ್ಲಿ ದಾರ ಪೋಣಿಸಲು ಒಂದೋ ಎರಡೋ ತೂತು ಇರುತ್ತದೆ. ಆ ತೂತಿನ ಸುತ್ತ ಲಿಪಿಕಾರ ಅಕ್ಷರ ಕೊರೆಯುವುದಿಲ್ಲ. ಸಣ್ಣದೊಂದು ಚೌಕವನ್ನು ಖಾಲಿ ಬಿಡುತ್ತಾನೆ. ಕಾರಣ ಸರಳ: ದಾರ ಉಜ್ಜಿ ಗರಿ ಮೊದಲು ಸವೆಯುವುದು ಅಲ್ಲಿಯೇ, ಅಲ್ಲಿ ಬರೆದ ಅಕ್ಷರ ಉಳಿಯುವುದಿಲ್ಲ. ಸಾಲು ತೂತಿನ ಎಡಕ್ಕೆ ಬಂದು ನಿಲ್ಲುತ್ತದೆ, ಖಾಲಿ ಚೌಕ ದಾಟಿ ಬಲಕ್ಕೆ ಮುಂದುವರಿಯುತ್ತದೆ. ಪದಪದದ ನಡುವೆ ಅಂತರ ಬಿಡುವ ರೂಢಿ ಇಲ್ಲದ ಆ ಬರಹದಲ್ಲಿ ಕಣ್ಣಿಗೆ ಸಿಗುವ ಬಿಡುವು ಅದೊಂದೇ. ಅವಶ್ಯಕತೆಗೆ ಬಿಟ್ಟ ಜಾಗ ಗರಿಯಿಂದ ಗರಿಗೆ ಒಂದೇ ನೇರದಲ್ಲಿ ಬರುತ್ತ ಬರುತ್ತ ಒಂದು ಚೆಲುವಾಗುತ್ತದೆ. ಇಂದಿನ ಪುಟವಿನ್ಯಾಸದ ತಂತ್ರಾಂಶಗಳು ಚಿತ್ರದ ಸುತ್ತ ಸಾಲುಗಳನ್ನು ಬಳಸಿ ಹರಿಸುತ್ತವಲ್ಲ, ಆ ಕೆಲಸವನ್ನು ನಮ್ಮ ಲಿಪಿಕಾರರು ತೂತಿನ ಸುತ್ತ ಶತಮಾನಗಳ ಕಾಲ ಮಾಡಿದ್ದಾರೆ.

ಮೈಸೂರಿನಾಚೆ, ಮೂಡುಬಿದಿರೆಯಲ್ಲಿ ಕಾಪಾಡಿಕೊಂಡು ಬಂದಿರುವ, ಧವಳಾ ಎಂಬ ಜೈನ ಗ್ರಂಥದ 12ನೆಯ ಶತಮಾನದ ಓಲೆಗರಿ ಹಸ್ತಪ್ರತಿಗಳಲ್ಲಿ ಚಿತ್ರವೇ ಬರುತ್ತದೆ. ಅಂಗೈಗಿಂತ ಕಿರಿದಾದ ಎತ್ತರ, ಅದರ ಎಷ್ಟೋ ಪಟ್ಟು ಉದ್ದ. ಆ ಪಟ್ಟಿಯಲ್ಲಿ ಬರಹ ಮತ್ತು ಮೂರ್ತಿ ಎರಡೂ ಹಿಡಿಸಬೇಕು. ಮೂರ್ತಿಗೆ ಗರಿಯ ಪೂರ್ತಿ ಎತ್ತರ ಸಲ್ಲುತ್ತದೆ, ಸಾಲುಗಳು ಪಕ್ಕಕ್ಕೆ ಸರಿಯುತ್ತವೆ. ಚಿತ್ರವನ್ನು ಸಾಲಿನ ಎತ್ತರಕ್ಕೆ ಕುಗ್ಗಿಸಿ ತುರುಕಬೇಕೆಂದು ಆ ಕಲಾವಿದನಿಗೆ ತೋಚಲಿಲ್ಲ ಎಂಬುದನ್ನು ನಾನು ಬಹಳ ಮೆಚ್ಚುತ್ತೇನೆ.

ಇನ್ನು ಶ್ರೀತತ್ತ್ವನಿಧಿ. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ಈ ಬೃಹತ್ ಸಚಿತ್ರ ಗ್ರಂಥದಲ್ಲಿ ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂದು ತೊಡಗಿ ಕೌತುಕನಿಧಿಯವರೆಗೆ ಒಂಬತ್ತು ನಿಧಿಗಳು. ಪ್ರಾಚ್ಯವಿದ್ಯಾ ಸಂಶೋಧನಾಲಯ ಇದರ ಸಂಪುಟಗಳನ್ನು ಅಚ್ಚು ಹಾಕಿಸಿದೆ. ಇಲ್ಲಿ ಚಿತ್ರ ಎಲ್ಲಿರಬೇಕೆಂಬುದು ಅಲಂಕಾರದ ಪ್ರಶ್ನೆಯಲ್ಲ. ಧ್ಯಾನಶ್ಲೋಕ ಹೇಳುವುದು ಏನನ್ನು? ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು, ವಾಹನ ಯಾವುದು. ಶ್ಲೋಕದ ಒಂದೊಂದು ಪದವೂ ಚಿತ್ರದ ಒಂದೊಂದು ಅಂಗದ ಕಡೆಗೆ ಬೆರಳು ತೋರಿಸುತ್ತದೆ. ‘ಪಾಶ’ ಎಂದು ಓದಿದವನು ಕತ್ತೆತ್ತಿ ಪಾಶ ಹಿಡಿದ ಕೈಯನ್ನು ಹುಡುಕಬೇಕು, ಸಿಕ್ಕಿದ ಮೇಲೆ ‘ಅಂಕುಶ’ಕ್ಕೆ ಮರಳಬೇಕು. ಶ್ಲೋಕ ಒಂದು ಹಾಳೆಯಲ್ಲಿ, ಮೂರ್ತಿ ಇನ್ನೊಂದು ಹಾಳೆಯಲ್ಲಿ ಆದರೆ ಎರಡೂ ಅರ್ಧ ಸತ್ತ ಹಾಗೆ. ಎರಡನ್ನೂ ಒಟ್ಟಿಗೆ ಕಾಣುವಂತೆ ಇಟ್ಟಾಗ ಓದುವುದು, ನೋಡುವುದು ಎಂಬ ಎರಡು ಕೆಲಸ ಒಂದೇ ಆಗಿಬಿಡುತ್ತದೆ.

ಕೌತುಕನಿಧಿಯ 122 ಯೋಗಾಸನಗಳ ಚಿತ್ರಗಳನ್ನು ಇದೇ ಕಣ್ಣಿನಿಂದ ನೋಡಿ. ಎನ್. ಇ. ಶೋಮನ್ ಅವರು 1996ರಲ್ಲಿ ಮೈಸೂರು ಅರಮನೆಯ ಯೋಗಪರಂಪರೆಯ ಬಗ್ಗೆ ಇಂಗ್ಲಿಷಿನಲ್ಲಿ ತಂದ ಪುಸ್ತಕದಿಂದ ಇವು ಹೊರಜಗತ್ತಿಗೂ ಪರಿಚಿತವಾದವು. ಒಬ್ಬ ಯೋಗಿ ತಲೆಕೆಳಗಾಗಿ ನಿಂತಿದ್ದಾನೆ, ಇನ್ನೊಬ್ಬ ಹಗ್ಗ ಹಿಡಿದು ಮೇಲೇರಿದ್ದಾನೆ. ನಿಂತವನಿಗೆ ಬಿಟ್ಟ ಜಾಗ ಹಗ್ಗದವನಿಗೆ ಸಾಲದು. ದೇಹ ಎಲ್ಲಿ ನೆಲ ಮುಟ್ಟಿದೆ, ಎಲ್ಲಿ ಗಾಳಿಯಲ್ಲಿದೆ ಎಂದು ತಿಳಿಸುವುದು ಸುತ್ತಲಿನ ಖಾಲಿ ಜಾಗವೇ. ಆಸನದ ಚಿತ್ರವನ್ನು ಕತ್ತರಿಸಿ ಅಂಚು ಬಿಗಿಮಾಡಿ ಅಚ್ಚು ಹಾಕಿದ ಯೋಗದ ಪುಸ್ತಕಗಳನ್ನು ಬೇಕಾದಷ್ಟು ನೋಡಿದ್ದೇನೆ. ಅವುಗಳಲ್ಲಿ ಭಂಗಿ ಕಾಣುತ್ತದೆ, ಭಾರ ಎಲ್ಲಿ ಬಿದ್ದಿದೆ ಎಂಬುದು ಕಾಣುವುದಿಲ್ಲ.

ಬರಹ ಮತ್ತು ಚಿತ್ರವನ್ನು ಒಂದೇ ಕೈ ಒಂದೇ ಹಾಳೆಯ ಮೇಲೆ ಬರೆಯುವ ತನಕ ಇವನ್ನು ಜೊತೆಗಿಡುವುದು ಸುಲಭವಿತ್ತು. ಅಚ್ಚಿನ ಮೊಳೆ ಬಂದ ಮೇಲೆ ಇವೆರಡೂ ಬೇರೆ ಬೇರೆ ಮನೆಯವಾದವು. ಹೀಗೆ ಬೇರೆಯಾದದ್ದರ ಪೂರ್ತಿ ಸೊಗಸು ಕಾಣಬೇಕಾದರೆ ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ ಹೊರತಂದ ದೇವಾಲಯ ಪುಸ್ತಕಗಳನ್ನು ತೆರೆಯಬೇಕು: 1917ರಲ್ಲಿ ಸೋಮನಾಥಪುರದ ಕೇಶವ ದೇವಾಲಯ, 1919ರಲ್ಲಿ ಬೇಲೂರಿನ ಕೇಶವ ಮತ್ತು ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯಗಳು. ತೆಳುವಾದ ಪುಸ್ತಕಗಳು, ದೊಡ್ಡ ಪುಟ. ಬರಹ ಒಂದು ಕಡೆ ಸಾಗುತ್ತದೆ. ಫೋಟೋಗಳೆಲ್ಲ ನುಣುಪು ಕಾಗದದ ಮೇಲೆ, ರೋಮನ್ ಸಂಖ್ಯೆ ಹೊತ್ತು, ಬೇರೆ ನಿಂತಿವೆ. ಇದು ಯಾರ ಇಷ್ಟಾನಿಷ್ಟದ ಮಾತೂ ಅಲ್ಲ. ಫೋಟೋವನ್ನು ಅಚ್ಚಿಗಿಳಿಸಲು ಅದನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಹಾಫ್‌ಟೋನ್ ಬ್ಲಾಕ್ ಮಾಡಬೇಕು. ಆ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಳ್ಳದೆ ಮೂಡಬೇಕಾದರೆ ಆರ್ಟ್ ಪೇಪರ್ ಬೇಕು. ಮೊಳೆಯ ಅಕ್ಷರಕ್ಕೆ ಬೇಕಾದದ್ದು ತುಸು ಒರಟಾದ, ಮಸಿ ಹೀರುವ ಕಾಗದ. ಎರಡು ಬಗೆಯ ಕಾಗದವನ್ನು ಒಂದೇ ಫಾರಂನಲ್ಲಿ ಮುದ್ರಿಸಲಾಗದು. ಹೀಗಾಗಿ ಚಿತ್ರಗಳು ಒಟ್ಟಾಗಿ ಒಂದೆಡೆ ಸೇರಿದವು.

ಹಾಗೆ ಸೇರಿದ್ದರಿಂದ ಓದುಗನಿಗೆ ಒಂದು ಕಷ್ಟ, ಒಂದು ಸುಖ. ಕಷ್ಟವೆಂದರೆ ಬರಹದ ಹಾಳೆಯಲ್ಲಿ ಒಂದು ಬೆರಳು, ಚಿತ್ರದ ಹಾಳೆಯಲ್ಲಿ ಇನ್ನೊಂದು ಬೆರಳು ಸಿಕ್ಕಿಸಿಕೊಂಡು ಓದಬೇಕು. ಸುಖವೆಂದರೆ, ಅಕ್ಷರದ ನೆರಳಿಲ್ಲದೆ ಒಂದು ಪುಟ ತುಂಬ ಒಂದೇ ಶಿಲ್ಪ, ಸುತ್ತ ಧಾರಾಳವಾದ ಬಿಳುಪು. ಸೋಮನಾಥಪುರದ ಗೋಡೆಯನ್ನು ಕಂಡವರಿಗೆ ಆ ಬಿಳುಪಿನ ಬೆಲೆ ತಿಳಿಯುತ್ತದೆ. ಮೈಸೂರಿನಿಂದ ಮೂವತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಆ ಗುಡಿಯಲ್ಲಿ ಕೆಳಗಿನಿಂದ ಆನೆ, ಕುದುರೆ, ಬಳ್ಳಿ, ಕಥಾಪಟ್ಟಿ ಎಂದು ಸಾಲಿನ ಮೇಲೆ ಸಾಲು ಕಿಕ್ಕಿರಿದು ಬರುತ್ತದೆ. ಅದರ ಮೇಲೆ ದೊಡ್ಡ ಮೂರ್ತಿಗಳು. ನಕ್ಷತ್ರದಂತೆ ಮಡಿಕೆ ಮಡಿಕೆಯಾಗಿ ತಿರುಗುವ ಗೋಡೆಯಿಂದಾಗಿ ಪ್ರತಿ ಮೂರ್ತಿಗೂ ತನ್ನದೇ ಒಂದು ಮುಖ, ತನ್ನದೇ ಒಂದು ಬೆಳಕು; ತಲೆಯ ಮೇಲೆ ಎಲೆಬಳ್ಳಿಯ ಚಪ್ಪರ. ಪೀಠದ ಮೇಲೆ ಕೆಲವು ಕಡೆ ಕೆತ್ತಿದವನ ಹೆಸರು. ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಹೆಸರು ಮೂರ್ತಿಯ ಬುಡಕ್ಕೆ ಅಂಟಿಕೊಂಡೇ ಇದೆ. ಅದು ಪಕ್ಕದ ಮೂರ್ತಿಯದೋ ಎಂದು ಯಾರೂ ಅನುಮಾನಿಸುವಂತಿಲ್ಲ. ಅಡಿಬರಹ ಎಲ್ಲಿರಬೇಕು ಎಂಬುದಕ್ಕೆ ನನಗೆ ತಿಳಿದ ಅತ್ಯುತ್ತಮ ಮಾದರಿ ಇದೇ.

ಮೈಸೂರಿಗೆ ಸೇರಿದ ಇನ್ನೊಂದು ಬಗೆಯ ಚಿತ್ರಪುಟ ಶಾಸನದ್ದು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಮುಖ್ಯ ಕಚೇರಿ 1966ರಲ್ಲಿ ಊಟಿಯಿಂದ ಇಲ್ಲಿಗೆ ಬಂತು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ತೆಗೆದ ಪಡಿಯಚ್ಚುಗಳ ದೊಡ್ಡ ಸಂಗ್ರಹ ಅಲ್ಲಿದೆ. ಕಪ್ಪು ನೆಲ, ಬಿಳಿ ಅಕ್ಷರ. ಎಪಿಗ್ರಾಫಿಯಾ ಇಂಡಿಕಾ ಎಂಬ ಶಾಸನ ಸಂಪುಟಗಳಲ್ಲಿ ಇಂಥ ಪಡಿಯಚ್ಚನ್ನು ಮುದ್ರಿಸುವಾಗ ಬದಿಯ ಬಿಳಿ ಅಂಚಿನಲ್ಲಿ 2, 4, 6 ಎಂದು ಸಾಲಿನ ಸಂಖ್ಯೆ ಹಾಕುವ ಪದ್ಧತಿ ಇತ್ತು. ಎಷ್ಟು ಚಿಕ್ಕ ಏರ್ಪಾಡು, ಎಷ್ಟು ದೊಡ್ಡ ಉಪಕಾರ! ಎದುರಿನ ಪಾಠದಲ್ಲಿ ಹದಿನಾಲ್ಕನೆಯ ಸಾಲು ಓದುತ್ತಿರುವವನು ಕಲ್ಲಿನ ಹದಿನಾಲ್ಕನೆಯ ಸಾಲಿಗೆ ನೇರ ಹೋಗುತ್ತಾನೆ. ಎಲ್ಲ ಸಾಲಿಗೂ ಸಂಖ್ಯೆ ಹಾಕಿದ್ದರೆ ಅಂಚು ಗಿಜಿಗುಟ್ಟುತ್ತಿತ್ತು. ಒಂದು ಬಿಟ್ಟು ಒಂದು ಸಾಕೆಂದು ತೀರ್ಮಾನಿಸಿದವರ ಸಂಯಮ ನನಗೆ ಇಷ್ಟ. ಬಿಳಿ ಅಂಚು ಅಲ್ಲಿ ಖಾಲಿ ಜಾಗವಲ್ಲ, ದುಡಿಯುವ ಜಾಗ.

ಮೊಳೆ ಜೋಡಿಸುವ ಕಾಲದ ಕೆಲಸವನ್ನು ತುಸು ಹತ್ತಿರದಿಂದ ಹೇಳಬೇಕು, ಏಕೆಂದರೆ ಅಲ್ಲಿ ಬಿಳುಪು ಎಂಬುದು ಕೈಗೆ ಸಿಗುವ ವಸ್ತು. ಚಿತ್ರದ ಬ್ಲಾಕು ಮರದ ತುಂಡಿನ ಮೇಲೆ ಕೂತು ಮೊಳೆಯಷ್ಟೇ ಎತ್ತರಕ್ಕೆ ಬರಬೇಕು. ಕೂದಲೆಳೆ ತಗ್ಗಿದರೂ ಮಸಿ ಹಿಡಿಯುವುದಿಲ್ಲ, ಆಗ ಅಡಿಗೆ ಕಾಗದದ ಚೂರು ಕೊಡಬೇಕು. ಗ್ಯಾಲಿಯಲ್ಲಿ ಕಟ್ಟಿದ ಸಾಲುಗಳ ನಡುವೆ ಬ್ಲಾಕು ಇಟ್ಟು, ಮೇಲೊಂದು ಕೆಳಗೊಂದು ಲೆಡ್ಡು ಎಂಬ ಸೀಸದ ಪಟ್ಟಿ ಸೇರಿಸಿ, ಉಳಿದ ಕಡೆ ಕ್ವಾಡು ಎಂಬ ಖಾಲಿ ತುಂಡು ತುಂಬಿ, ಚೇಸ್ ಎಂಬ ಚೌಕಟ್ಟಿನೊಳಗೆ ಬಿಗಿಯುತ್ತಿದ್ದರು. ಅಚ್ಚಾದ ಪುಟದ ಮೇಲೆ ‘ಏನೂ ಇಲ್ಲ’ ಎಂದು ನಾವು ನೋಡುವ ಪ್ರತಿ ಬಿಳಿ ಜಾಗದಲ್ಲೂ ಒಂದು ಸೀಸದ ತುಂಡೋ ಮರದ ತುಂಡೋ ಇತ್ತು. ಅದನ್ನು ಯಾರೋ ಆರಿಸಿ ಎತ್ತಿ ಇಟ್ಟಿದ್ದರು. ‘ಬ್ಲಾಕಿಗೆ ಸ್ವಲ್ಪ ಉಸಿರು ಬಿಡಪ್ಪ’ ಎಂದು ಹಿರಿಯ ಕಂಪೋಸಿಟರು ಹೇಳಿದರೆ ಕಿರಿಯವನು ಇನ್ನೊಂದು ಲೆಡ್ಡು ಸೇರಿಸುತ್ತಿದ್ದ. ಆ ತುಂಡು ಒಮ್ಮೆ ಸೇರಿತೆಂದರೆ ಪುಟದ ಕಡೆಯ ಸಾಲು ಮುಂದಿನ ಪುಟಕ್ಕೆ ಹೋಗಬೇಕು. ಅಲ್ಲಿಂದ ಮುಂದಿನ ಪುಟಗಳೆಲ್ಲ ಒಂದೊಂದು ಸಾಲು ಸರಿಯಬೇಕು. ಒಂದು ಉಸಿರಿನ ಬೆಲೆ ಅಷ್ಟಿತ್ತು. ಬೆಲೆ ತೆತ್ತೂ ಬಿಟ್ಟಿದ್ದಾರೆಂದರೆ ಅದು ಬೇಕೆಂದೇ ಬಿಟ್ಟದ್ದು.

ಬ್ಲಾಕು ಪುಟದ ಅಗಲಕ್ಕಿಂತ ಕಿರಿದಾದರೆ ಪಕ್ಕದಲ್ಲಿ ಸಾಲುಗಳನ್ನು ಗಿಡ್ಡವಾಗಿ ಕಟ್ಟಿ ಹರಿಸುವುದುಂಟು. ಕನ್ನಡದಲ್ಲಿ ಇದು ತೊಡಕಿನ ಕೆಲಸ. ವಿಭಕ್ತಿ, ಸಂಧಿ, ಸಮಾಸ ಎಲ್ಲ ಸೇರಿ ನಮ್ಮ ಪದಗಳು ಉದ್ದ. ‘ವಿಶ್ವವಿದ್ಯಾನಿಲಯಗಳಲ್ಲಿರುವ’ ಎಂಬ ಒಂದೇ ಪದ ಕಿರಿದಾದ ಸಾಲನ್ನು ತುಂಬಿಬಿಡುತ್ತದೆ; ಅಂಥ ಪದ ಹಿಡಿಸದೆ ಕೆಳಗಿಳಿದರೆ ಮೇಲಿನ ಸಾಲಿನಲ್ಲಿ ಉಳಿದ ಎರಡು ಪದಗಳ ನಡುವೆ ಬಾವಿಯಷ್ಟು ಜಾಗ ಬೀಳುತ್ತದೆ. ಒಂದರ ಕೆಳಗೊಂದು ಇಂಥ ಕಂಡಿಗಳು ಕೂಡಿ ಚಿತ್ರದ ಪಕ್ಕದಲ್ಲಿ ಬಿಳಿ ಬಿರುಕು ಹರಿದಂತೆ ಕಾಣುತ್ತದೆ. ಚಿತ್ರದ ಪಕ್ಕದ ಸಾಲಿನಲ್ಲಿ ಕನಿಷ್ಠ ನಾಲ್ಕು ಕನ್ನಡ ಪದ ಹಿಡಿಸದಿದ್ದರೆ ಪಕ್ಕದಲ್ಲಿ ಬರಹ ಹರಿಸಲೇಬಾರದು, ಚಿತ್ರವನ್ನು ನಡುವಿಗೆ ತಂದು ಎರಡೂ ಬದಿ ಬಿಳಿಯಾಗಿ ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಜಾಗ ಪೋಲಾಯಿತು ಎನ್ನುವವರಿದ್ದಾರೆ. ಬಿರುಕು ಬಿಟ್ಟ ಸಾಲು ಓದಿಸಿ ಉಳಿಸಿದ ಕಾಗದದಿಂದ ಯಾರಿಗೂ ಲಾಭವಿಲ್ಲ.

ಈ ಇಕ್ಕಟ್ಟಿನಲ್ಲೇ ಕೆಲಸ ತೆಗೆದದ್ದು ಕನ್ನಡ ವಿಶ್ವಕೋಶ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1969ರಿಂದ ಒಂದೊಂದಾಗಿ ಹೊರತಂದ ಹದಿನಾಲ್ಕು ಸಂಪುಟಗಳು ಕನ್ನಡದ ಎಷ್ಟೋ ಮನೆಗಳಲ್ಲಿ, ಶಾಲೆಗಳ ಬೀರುಗಳಲ್ಲಿ ಇವೆ. ಪುಟಕ್ಕೆ ಎರಡು ಕಾಲಂ. ಅಕಾರಾದಿಯಲ್ಲಿ ಸಾಗುವ ಪುಸ್ತಕದಲ್ಲಿ ಚಿತ್ರಕ್ಕೆ ಓಡಾಡಲು ಜಾಗವೇ ಇಲ್ಲ. ಕಥೆಯ ಪುಸ್ತಕದಲ್ಲಾದರೆ ಚಿತ್ರ ಅರ್ಧ ಪುಟ ಹಿಂದೆ ಮುಂದೆ ಆದರೂ ಅದೇ ಕಥೆಯೊಳಗೆ ಇರುತ್ತದೆ. ಇಲ್ಲಿ ಒಂದು ಲೇಖನ ಮುಗಿದ ಮರುಸಾಲಿನಲ್ಲೇ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಶುರು. ಒಂದು ಗಿಡದ ಚಿತ್ರ ನಾಲ್ಕು ಸಾಲು ಕೆಳಗೆ ಜಾರಿದರೆ ಅದು ಯಾವುದೋ ಊರಿನ ಅಥವಾ ಯಾವನೋ ರಾಜನ ಲೇಖನದೊಳಗೆ ಹೋಗಿ ಕೂರುತ್ತದೆ. ಹಾಗಾಗಿ ಕಾಲಮಿನ ಅಗಲಕ್ಕೆ ಹೊಂದುವ ರೇಖಾಚಿತ್ರ, ಅದರ ಬುಡಕ್ಕೇ ಸಣ್ಣ ಅಕ್ಷರದ ಹೆಸರು, ಮೇಲೆ ಕೆಳಗೆ ಸಾಲು ಎಲ್ಲಿ ನಿಂತು ಎಲ್ಲಿ ಮುಂದುವರಿಯಿತು ಎಂದು ತಿಳಿಯುವಷ್ಟೇ ಅಂತರ. ಧಾರಾಳತನಕ್ಕೆ ಅವಕಾಶವಿಲ್ಲದ ಕಡೆ ಅಚ್ಚುಕಟ್ಟು ಹೇಗಿರಬೇಕು ಎಂಬುದನ್ನು ನಾನು ಕಲಿತದ್ದು ಆ ಕಾಲಮುಗಳಿಂದ. ಹಕ್ಕಿಯ ಚಿತ್ರ ಇದ್ದಲ್ಲಿ ಹಕ್ಕಿ ಪುಟದೊಳಕ್ಕೆ ಮುಖ ಮಾಡಿದೆಯೋ, ಹೊರಕ್ಕೆ ಮುಖ ಮಾಡಿದೆಯೋ ನೋಡುವುದು ನನ್ನ ಹಳೆಯ ಚಾಳಿ. ಒಳಮುಖದ ಹಕ್ಕಿ ಓದುಗನನ್ನು ಸಾಲಿಗೆ ಕರೆತರುತ್ತದೆ.

ಕಂಪ್ಯೂಟರು ಬಂದು ಸೀಸದ ತುಂಡುಗಳೆಲ್ಲ ಸಂಖ್ಯೆಗಳಾದವು. ಡೊನಾಲ್ಡ್ ಕ್ನುತ್ 1977ರಲ್ಲಿ ತಮ್ಮ ಕಂಪ್ಯೂಟರ್ ಪ್ರೋಗ್ರಾಮಿಂಗ್ ಪುಸ್ತಕದ ಹೊಸ ಮುದ್ರಣದ ಕರಡು ನೋಡಿ, ಅದರ ಅಂದಗೇಡಿತನಕ್ಕೆ ಬೇಸತ್ತು ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನೇ ಕಟ್ಟಲು ಕೂತರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಲೇಟೆಕ್ ರಚಿಸಿದರು. ಜಗತ್ತಿನ ಎಲ್ಲ ಕಡೆಯಂತೆ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಗಣಿತ, ಭೌತವಿಜ್ಞಾನದ ಸಂಶೋಧಕರಿಗೂ ಇದು ಪರಿಚಿತ. ಚಿತ್ರದ ಜಾಗದ ಬಗ್ಗೆ ಲೇಟೆಕ್ ಮಾಡಿಕೊಂಡಿರುವ ನಿಯಮಗಳನ್ನು ಓದಿದರೆ ಹಳೆಯ ಕಂಪೋಸಿಟರೊಬ್ಬರ ವಿವೇಕವನ್ನು ಯಾರೋ ಕೂತು ಬರೆದುಕೊಂಡಂತಿದೆ. ಚಿತ್ರವನ್ನು ಅದು ಸಾಲಿಗೆ ಕಟ್ಟಿಹಾಕುವುದಿಲ್ಲ, ತೇಲಲು ಬಿಡುತ್ತದೆ. ಮೊದಲು ಬರಹದಲ್ಲಿ ಹೇಳಿದ ಜಾಗದಲ್ಲೇ ಹಿಡಿಸುತ್ತದೆಯೇ ಎಂದು ನೋಡುತ್ತದೆ. ಇಲ್ಲವಾದರೆ ಪುಟದ ತಲೆ. ಅಲ್ಲೂ ಆಗದಿದ್ದರೆ ಪುಟದ ಬುಡ. ಕಡೆಗೆ ಚಿತ್ರಗಳಿಗೇ ಮೀಸಲಾದ ಪುಟ. ಈ ಜಾಗಗಳನ್ನು ಸೂಚಿಸುವ ಆಯ್ಕೆಯ ಅಕ್ಷರಗಳನ್ನು ನೀವು ಹೇಗೇ ಅದಲುಬದಲು ಬರೆದರೂ ಅದು ಪ್ರಯತ್ನಿಸುವ ಕ್ರಮ ಇದೇ.

ಅದರ ಮಿತಿಗಳೂ ಸೊಗಸಾಗಿವೆ. ನಾವು ಬದಲಿಸದಿದ್ದರೆ, ಪುಟದ ತಲೆಯ ಚಿತ್ರಗಳು ಪುಟದ ಶೇ. 70ನ್ನು ಮೀರುವಂತಿಲ್ಲ, ಬುಡದವು ಶೇ. 30ನ್ನು ಮೀರುವಂತಿಲ್ಲ. ತಲೆಗೆ ಹೆಚ್ಚೆಂದರೆ ಎರಡು, ಬುಡಕ್ಕೆ ಒಂದು, ಒಟ್ಟು ಪುಟಕ್ಕೆ ಮೂರು. ಚಿತ್ರಗಳಿಗೇ ಮೀಸಲಾದ ಪುಟ ಬಿಟ್ಟರೆ, ಏನೇ ಆದರೂ ಶೇ. 20ರಷ್ಟು ಬರಹ ಪುಟದಲ್ಲಿ ಉಳಿಯಬೇಕು. ಈ ಕಡೆಯ ನಿಯಮವನ್ನು ನೋಡಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ: ಎರಡು ದೊಡ್ಡ ಚಿತ್ರಗಳ ನಡುವೆ ಎರಡೇ ಸಾಲು ಬರಹ ಸಿಕ್ಕಿಕೊಂಡಿರುವ ಪುಟದಲ್ಲಿ ಆ ಎರಡು ಸಾಲು ಅಡಿಬರಹವೋ ಪ್ಯಾರಾವೋ ತಿಳಿಯದೆ ಓದುಗ ಒದ್ದಾಡುತ್ತಾನೆ. ಮತ್ತೊಂದು ನಿಯಮ, ಚಿತ್ರಗಳು ಸರದಿ ಮೀರುವಂತಿಲ್ಲ. ಮೂರನೆಯ ಚಿತ್ರಕ್ಕೆ ಜಾಗ ಸಿಗದಿದ್ದರೆ ನಾಲ್ಕನೆಯದು ಅದನ್ನು ದಾಟಿ ಮುಂದೆ ಹೋಗುವುದಿಲ್ಲ, ಕಾಯುತ್ತದೆ. ಇದರಿಂದಲೇ ಆ ಪ್ರಸಿದ್ಧ ಪೇಚು ಹುಟ್ಟುವುದು. ಪುಟದ ಮುಕ್ಕಾಲು ಎತ್ತರದ ಒಂದು ಚಿತ್ರವನ್ನು ‘ತಲೆಯಲ್ಲಿ ಮಾತ್ರ ಇಡು’ ಎಂದು ಬರೆದರೆ ಶೇ. 70ರ ಗೆರೆ ದಾಟಿದ್ದರಿಂದ ಅದಕ್ಕೆ ಎಲ್ಲೂ ಜಾಗವಿಲ್ಲ. ಅದರ ಹಿಂದಿನವೆಲ್ಲ ಸಾಲುಗಟ್ಟಿ ನಿಂತು ಅಧ್ಯಾಯದ ಕೊನೆಯಲ್ಲಿ ಒಟ್ಟಿಗೆ ಇಳಿಯುತ್ತವೆ. ಯಂತ್ರ ಹಟ ಹಿಡಿದಿದೆ ಎಂದು ಆಗ ಬೈಯುವವರಿದ್ದಾರೆ. ಮೊಳೆ ಬಡಿದಂತೆ ‘ಇಲ್ಲೇ’ ಎಂದು ಹೇಳುವ ಅಪ್ಪಣೆಯೂ ಇದೆ, ಅದನ್ನು ಎಲ್ಲ ಚಿತ್ರಕ್ಕೂ ಬಳಸಿಬಿಡುವವರೂ ಇದ್ದಾರೆ. ಹಾಗೆ ಮಾಡಿದ ಪ್ರಬಂಧದಲ್ಲಿ ಪುಟದ ಅಡಿಯಲ್ಲಿ ಅರ್ಧರ್ಧ ಬಯಲು. ಚಿತ್ರ ದೊಡ್ಡದಾಯಿತು, ಸ್ವಲ್ಪ ಕುಗ್ಗಿಸು ಎಂದು ಯಂತ್ರ ಹೇಳುತ್ತಿದೆ ಎಂದುಕೊಂಡರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ನನಗೆ ಎಲ್ಲಕ್ಕಿಂತ ರುಚಿಸುವುದು ಅಂತರದ ಲೆಕ್ಕ. ಬರಹದ ನಡುವೆ ಇಟ್ಟ ಚಿತ್ರದ ಮೇಲೆ ಕೆಳಗೆ 12 ಪಾಯಿಂಟ್, ಅದೂ ಎರಡು ಪಾಯಿಂಟ್ ಹಿಗ್ಗಬಹುದು, ಎರಡು ಕುಗ್ಗಬಹುದು. ತಲೆಯ ಅಥವಾ ಬುಡದ ಚಿತ್ರಕ್ಕೂ ಬರಹಕ್ಕೂ ನಡುವೆ 20 ಪಾಯಿಂಟ್. ಎರಡು ಹಿಗ್ಗಬಹುದು, ನಾಲ್ಕು ಕುಗ್ಗಬಹುದು. 72 ಪಾಯಿಂಟಿಗೂ ತುಸು ಹೆಚ್ಚು ಸೇರಿದರೆ ಒಂದು ಇಂಚು. ಅಂತರ ಇಲ್ಲಿ ಸೀಸದ ತುಂಡಿನಂತೆ ಗಟ್ಟಿಯಲ್ಲ, ಸ್ಪ್ರಿಂಗಿನ ಹಾಗೆ. ಎದುರುಬದುರಿನ ಎರಡು ಪುಟಗಳ ಕಡೆಯ ಸಾಲು ಒಂದೇ ಮಟ್ಟಕ್ಕೆ ಬರಲು ಒಂದು ಕಡೆ ಕೂದಲೆಳೆ ಹಿಗ್ಗುತ್ತದೆ, ಇನ್ನೊಂದು ಕಡೆ ಕೂದಲೆಳೆ ಕುಗ್ಗುತ್ತದೆ. ತಲೆಯ ಚಿತ್ರಕ್ಕೆ ಹೆಚ್ಚು ಅಂತರ ಏಕೆ ಎಂದು ಯೋಚಿಸಿ ನೋಡಿ: ಅದು ಬರಹದ ಸರಣಿಯಿಂದ ಹೊರಗೆ ನಿಂತದ್ದು, ಅದನ್ನು ಬಿಟ್ಟು ಓದಬಹುದು ಎಂದು ಕಣ್ಣಿಗೆ ತಿಳಿಯಬೇಕು. ನಡುವಿನ ಚಿತ್ರ ಸರಣಿಯ ಒಳಗಿನದು, ಅದನ್ನು ಹಾದೇ ಮುಂದೆ ಹೋಗಬೇಕು. ಅಲ್ಲಿ ಅಂತರ ಕಡಿಮೆ. ಎಂಟು ಪಾಯಿಂಟಿನ ವ್ಯತ್ಯಾಸ ಓದುವ ಬಗೆಯನ್ನೇ ತಿಳಿಸಿಬಿಡುತ್ತದೆ.

ಆದರೆ ಈ ಸಂಖ್ಯೆಗಳು ಇಂಗ್ಲಿಷಿಗೆಂದು ಕೂಡಿಸಿದವು. ಹತ್ತು ಪಾಯಿಂಟಿನ ಇಂಗ್ಲಿಷ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 12 ಪಾಯಿಂಟ್. ಚಿತ್ರದ ಅಂತರವೂ 12, ಅಂದರೆ ಸರಿಯಾಗಿ ಒಂದು ಸಾಲು. ಕನ್ನಡದ ಕಥೆ ಬೇರೆ. ‘ಶಾಸ್ತ್ರ’, ‘ರಾಷ್ಟ್ರ’ ಎಂಬಲ್ಲಿ ಒತ್ತಿನ ಕೆಳಗೆ ಒತ್ತು ಇಳಿಯುತ್ತದೆ. ಅದು ಕೆಳಸಾಲಿನ ಗುಡಿಸಿಗೆ ತಾಗದಿರಬೇಕಾದರೆ ಹನ್ನೊಂದು ಪಾಯಿಂಟಿನ ಅಕ್ಷರಕ್ಕೆ ನಾನು ಹದಿನೇಳು, ಹದಿನೆಂಟು ಪಾಯಿಂಟಿನ ಸಾಲು ಕೊಡುತ್ತೇನೆ. ಅಂಥ ಪುಟದಲ್ಲಿ 12 ಪಾಯಿಂಟಿನ ಅಂತರ ಒಂದು ಸಾಲೂ ಆಗದೆ ಚಿತ್ರ ಇಕ್ಕಟ್ಟಿನಲ್ಲಿ ಸಿಕ್ಕಿದಂತೆ ಕಾಣುತ್ತದೆ. ಇಂಗ್ಲಿಷ್ ಅಳತೆಯನ್ನೇ ಉಳಿಸಿಕೊಂಡ ಕನ್ನಡ ಪುಸ್ತಕಗಳಲ್ಲಿ ಚಿತ್ರಗಳು ಉಸಿರುಗಟ್ಟಿ ಕೂತಿರಲು ಕಾರಣ ಇದೇ. ಅಂತರವನ್ನು ಪಾಯಿಂಟಿನಲ್ಲಿ ಹೇಳದೆ ಕನ್ನಡದ ಸಾಲಿನ ಲೆಕ್ಕದಲ್ಲಿ ಹೇಳಬೇಕು.

ಇನ್ನೂ ಸೂಕ್ಷ್ಮವಾದದ್ದು ಒಂದಿದೆ. ಕನ್ನಡದ ಸಾಲಿಗೆ ಮೇಲಂಚು ಗಟ್ಟಿ, ಕೆಳಅಂಚು ಸಡಿಲ. ತಲೆಕಟ್ಟುಗಳು ಒಂದೇ ಮಟ್ಟದಲ್ಲಿ ನಿಂತು ಸಾಲಿಗೊಂದು ಸೂರು ಕಟ್ಟುತ್ತವೆ. ಕೆಳಗೆ ಒತ್ತಕ್ಷರಗಳು ಅಲ್ಲೊಂದು ಇಲ್ಲೊಂದು ಜೋತುಬೀಳುತ್ತವೆ. ಆದ್ದರಿಂದ ಚಿತ್ರದ ಮೇಲೆಯೂ ಕೆಳಗೂ ಸಮವಾಗಿ ಅಂತರ ಬಿಟ್ಟರೆ ಕಣ್ಣಿಗೆ ಅದು ಸಮವೆನಿಸುವುದಿಲ್ಲ. ಮೇಲಿನ ಅಂತರದೊಳಕ್ಕೆ ಒತ್ತುಗಳು ಇಳಿದು ಅದನ್ನು ತಿಂದುಬಿಡುತ್ತವೆ. ಕೆಳಗಿನ ಅಂತರ ತಲೆಕಟ್ಟಿನ ಗಟ್ಟಿ ಗೆರೆಗೆ ತಾಗಿ ಪೂರ್ತಿ ಉಳಿಯುತ್ತದೆ. ಒಂದು ಪುಟ ಮುದ್ರಿಸಿ, ತೋಳಿನುದ್ದ ದೂರ ಹಿಡಿದು, ಕಣ್ಣು ಅರ್ಧ ಮುಚ್ಚಿ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಮೇಲೆ ಮೂರು ನಾಲ್ಕು ಪಾಯಿಂಟ್ ಹೆಚ್ಚು ಕೊಟ್ಟಾಗ ಚಿತ್ರ ನಡುವಿಗೆ ಬಂದು ನೆಮ್ಮದಿಯಾಗಿ ಕೂರುತ್ತದೆ. ಚಿತ್ರದ ಬಗೆ ನೋಡಿಯೂ ಇದು ಬದಲಾಗಬೇಕು. ಶಾಸನದ ಪಡಿಯಚ್ಚಿನಂಥ ಕಪ್ಪು ಮೈಗೆ ಹೆಚ್ಚು ಬಿಳುಪು ಬೇಕು. ತನ್ನೊಳಗೇ ಬಿಳುಪಿರುವ ರೇಖಾಚಿತ್ರಕ್ಕೆ ಅದರಲ್ಲಿ ಅರ್ಧ ಸಾಕು. ಬಿಳಿ ಆಕಾಶದ ಹಿನ್ನೆಲೆಯ ಗೋಪುರದ ಫೋಟೋಗೆ ಎಳೆಯಷ್ಟು ಸಣ್ಣ ಚೌಕಟ್ಟು ಹಾಕದಿದ್ದರೆ ಆಕಾಶ ಸೋರಿ ಪುಟಕ್ಕೆಲ್ಲ ಹರಡುತ್ತದೆ.

ಅಡಿಬರಹಕ್ಕೂ ಇದೇ ಮಾತು. ಲೇಟೆಕ್ಕಿನಲ್ಲಿ ಚಿತ್ರಕ್ಕೂ ಅದರ ಕೆಳಗಿನ ಅಡಿಬರಹಕ್ಕೂ 10 ಪಾಯಿಂಟ್, ಅಡಿಬರಹದ ಕೆಳಗೆ ಸೊನ್ನೆ. ಚಿತ್ರಕ್ಕೆ ಅದು ಸರಿ. ಕೋಷ್ಟಕಕ್ಕೆ ಶೀರ್ಷಿಕೆ ಮೇಲಿರುವುದು ವಾಡಿಕೆ. ಅಲ್ಲಿ ಈ ಸೊನ್ನೆಯಿಂದಾಗಿ ಶೀರ್ಷಿಕೆ ಕೋಷ್ಟಕದ ಗೆರೆಗೇ ಅಂಟಿಕೊಳ್ಳುತ್ತದೆ, ಕನ್ನಡವಾದರೆ ಒತ್ತುಗಳು ಗೆರೆಯನ್ನೇ ತುಳಿಯುತ್ತವೆ. ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಅಡಿಬರಹ ತನ್ನ ಚಿತ್ರಕ್ಕೆ ಎಷ್ಟು ಹತ್ತಿರವಿದೆಯೋ ಅದರ ಎರಡರಷ್ಟಾದರೂ ದೂರ ಮುಂದಿನ ಪ್ಯಾರಾದಿಂದ ಇರಲಿ. ಬರಹಗಾರರಲ್ಲಿ ನನ್ನದೊಂದು ಬೇಡಿಕೆ: ಹಸ್ತಪ್ರತಿಯಲ್ಲಿ ‘ಕೆಳಗಿನ ಚಿತ್ರ ನೋಡಿ’ ಎಂದು ಬರೆಯಬೇಡಿ, ‘ಚಿತ್ರ 4 ನೋಡಿ’ ಎಂದು ಬರೆಯಿರಿ. ಕೆಳಗಿನದು ಪುಟದ ತಲೆಗೆ ಹೋಗಿ ನಿಂತಾಗ ಆ ಒಂದು ಪದ ಇಡೀ ಪುಟವನ್ನು ಸುಳ್ಳು ಮಾಡುತ್ತದೆ. ಅಂಕಿ ಎಲ್ಲಿಗೆ ಹೋದರೂ ನಿಜ ಹೇಳುತ್ತದೆ.

ಚಿತ್ರ ಅದರ ಮಾತಿಗಿಂತ ಮೊದಲೇ ಬರಬಹುದೇ ಎಂಬ ಜಿಜ್ಞಾಸೆ ಇದೆ. ಲೇಟೆಕ್ ಒಪ್ಪುತ್ತದೆ: ಮಾತು ಪುಟದ ನಡುವೆ ಇದ್ದರೂ ಚಿತ್ರ ಅದೇ ಪುಟದ ತಲೆಯಲ್ಲಿರಬಹುದು. ಕೂಡದು ಎನ್ನುವವರಿಗೆ ತಡೆಯುವ ಉಪಾಯವೂ ಉಂಟು. ನಾನು ಒಪ್ಪುವವರ ಕಡೆ. ಬಲಪುಟದ ಕಡೆಯ ಸಾಲಿನಲ್ಲಿ ‘ಚಿತ್ರ ನೋಡಿ’ ಎಂದು ಬಂದು ಚಿತ್ರ ಹಾಳೆಯ ಹಿಂದೆ ಅಡಗಿದ್ದರೆ ಓದುಗ ಹೋಗುತ್ತಾನೆ, ಮರಳುತ್ತಾನೆ, ಮತ್ತೆ ಹೋಗುತ್ತಾನೆ. ಒಂದೆರಡು ಪ್ಯಾರಾ ಮೊದಲೇ ಕಂಡ ಚಿತ್ರದಿಂದ ಅವನಿಗೆ ಯಾವ ನಷ್ಟವೂ ಇಲ್ಲ.

ನಕ್ಷೆಯಾದರೆ ಪುಸ್ತಕದುದ್ದಕ್ಕೂ ಮತ್ತೆ ಮತ್ತೆ ಬೇಕು. ಗುಡಿಯ ಬಗೆಗಿನ ಪುಸ್ತಕದಲ್ಲಿ ನವರಂಗ, ಸುಕನಾಸಿ, ಮೂರು ಗರ್ಭಗುಡಿ ಎಂದು ಓದುತ್ತ ಹೋದಂತೆ ನಾವು ಎಲ್ಲಿದ್ದೇವೆ ಎಂದು ನೋಡಿಕೊಳ್ಳಲೇಬೇಕು. ಇದಕ್ಕೆ ಹಳೆಯ ಬೈಂಡಿನವರು ಕಂಡುಕೊಂಡ ಪರಿಹಾರ ಪುಟ ಕಟ್ಟುವ ಕಲೆಯಲ್ಲೇ ನನಗೆ ಅತ್ಯಂತ ಪ್ರಿಯವಾದದ್ದು. ನಕ್ಷೆಯನ್ನು ಪುಸ್ತಕದ ಕೊನೆಯಲ್ಲಿ ಮಡಿಚಿದ ಹಾಳೆಯಾಗಿ ಸೇರಿಸುತ್ತಾರೆ. ಹೊಲಿಗೆಗೆ ಹತ್ತಿರದ, ಪುಟದಷ್ಟೇ ಅಗಲದ ಭಾಗವನ್ನು ಪೂರ್ತಿ ಖಾಲಿ ಬಿಟ್ಟು, ನಕ್ಷೆಯನ್ನು ಅದರಾಚೆಗೆ ಮುದ್ರಿಸುತ್ತಾರೆ. ಬಿಡಿಸಿದರೆ ನಕ್ಷೆ ಪುಸ್ತಕದ ಹೊರಗೆ, ಬಲಕ್ಕೆ ಚಾಚಿಕೊಂಡು ಮೇಜಿನ ಮೇಲೆ ಕೂರುತ್ತದೆ. ಈಗ ಮೊದಲ ಪುಟ ತೆರೆಯಿರಿ, ಐವತ್ತನೆಯ ಪುಟ ತೆರೆಯಿರಿ, ನಕ್ಷೆ ಕಣ್ಣೆದುರಿಗೇ ಇರುತ್ತದೆ. ಬೆರಳು ಸಿಕ್ಕಿಸಬೇಕಿಲ್ಲ, ಹಾಳೆ ಮಗುಚಬೇಕಿಲ್ಲ. ಒಂದಿಡೀ ಪುಟದಗಲದ ಕಾಗದವನ್ನು ಖಾಲಿ ಬಿಟ್ಟದ್ದರಿಂದ ಒಂದು ಚಿತ್ರ ಪುಸ್ತಕದ ಎಲ್ಲ ಪುಟಗಳ ಪಕ್ಕದಲ್ಲೂ ಇದ್ದಂತಾಯಿತು. ಗ್ರಂಥಾಲಯದಲ್ಲಿ ಇಂಥ ಮಡಿಚಿದ ನಕ್ಷೆ ಸಿಕ್ಕರೆ ಮಡಿಕೆಯ ಗೆರೆಯಲ್ಲಿ ಹರಿಯದಂತೆ ಎರಡೂ ಕೈಯಿಂದ ಮೆಲ್ಲಗೆ ಬಿಡಿಸಿ, ಆ ಖಾಲಿ ಭಾಗವನ್ನು ಪುಸ್ತಕದ ಹೊಟ್ಟೆಯ ಕೆಳಗೇ ಇರಲು ಬಿಟ್ಟು, ಮೊದಲ ಅಧ್ಯಾಯಕ್ಕೆ ಮರಳಿ ಓದಲು ಶುರುಮಾಡಿ.